ಒತ್ತಕ್ಷರ ಬರೆಯಬಲ್ಲ ಪೆನ್ನು

ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಪ್ರಶಿಕ್ಷಣಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಅವೇ. ಪಾಠಯೋಜನೆಯನ್ನು ಯಾವ ನಮೂನೆಯಲ್ಲಿ ಬರೆಯಬೇಕು, ಪಾಠೋಪಕರಣ ಎಷ್ಟು ಮಾಡಿಕೊಳ್ಳಬೇಕು, ಮೇಲ್ವಿಚಾರಕರು ಹೇಳಿ ಬರುತ್ತಾರೋ ಹೇಳದೆ ಬರುತ್ತಾರೋ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಹೊಸದೊಂದು ಸೇರಿದೆ. "ಮೇಡಂ, ಟ್ಯಾಬ್‌ಗೆ ಯಾವ ಪೆನ್ ತಗೊಳ್ಳೋದು?"

ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಅಂಗಡಿಯವನನ್ನು ಕೇಳಬೇಕಾದ್ದನ್ನು ಕನ್ನಡ ಬೋಧನಾ ವಿಧಾನ ಕಲಿಸುವ ನನ್ನನ್ನು ಏಕೆ ಕೇಳುತ್ತಾರೆ ಎಂದು ಮೊದಮೊದಲು ಅನ್ನಿಸುತ್ತಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಠಗಳನ್ನು ನೋಡುತ್ತ ಬಂದಂತೆ, ಇದು ನನ್ನನ್ನೇ ಕೇಳಬೇಕಾದ ಪ್ರಶ್ನೆ ಎಂಬುದು ಸ್ಪಷ್ಟವಾಯಿತು. ಇದು ಅಕ್ಷರದ ಪ್ರಶ್ನೆ. ಯಂತ್ರದ್ದು ಆಮೇಲೆ.

ಟ್ಯಾಬ್ಲೆಟ್ ನಮ್ಮ ಪ್ರಶಿಕ್ಷಣಾರ್ಥಿಗಳ ಕೈಗೆ ಹಲವು ದಾರಿಯಿಂದ ಬಂದಿದೆ. 2021ರಲ್ಲಿ ರಾಜ್ಯ ಸರ್ಕಾರ ತನ್ನ ಪದವಿ ಕಾಲೇಜು, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್ ಹಂಚಿತು. ಆಗ ಪದವಿಯಲ್ಲಿದ್ದ ಕೆಲವರು ಅದನ್ನೇ ಇಟ್ಟುಕೊಂಡು ಬಿ.ಇಡಿ.ಗೆ ಬಂದರು. ಕೆಲವರದು ಕೊರೊನಾ ಕಾಲದಲ್ಲಿ ತಮ್ಮ, ತಂಗಿಯರ ಆನ್‌ಲೈನ್ ಪಾಠಕ್ಕೆಂದು ಮನೆಯಲ್ಲಿ ಕೊಂಡದ್ದು. ಎರಡು ವರ್ಷದ ಬಿ.ಇಡಿ. ಆದಮೇಲೆ ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರ. ಅಷ್ಟು ದಿನ ಚೀಲದಲ್ಲಿ ಟ್ಯಾಬ್ ಇರುವಾಗ ಅದನ್ನು ತರಗತಿಗೆ ತರಬೇಕೆನ್ನಿಸುವುದು ಸಹಜ. ಶಾಲೆಯಲ್ಲಿ ದೊಡ್ಡ ಟಿ.ವಿ.ಯೋ ಪ್ರೊಜೆಕ್ಟರೋ ಇದ್ದರೆ ಅದಕ್ಕೆ ಜೋಡಿಸುತ್ತಾರೆ. ಇಲ್ಲದ ಕಡೆ, ಹತ್ತು ಹನ್ನೆರಡು ಮಕ್ಕಳಿರುವ ಹಳ್ಳಿ ಶಾಲೆಯಲ್ಲಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಡುವೆ ಟ್ಯಾಬ್ ಇಟ್ಟು ಬರೆದು ತೋರಿಸುತ್ತಾರೆ.

ಟೈಪು ಮಾಡಿದ ಸ್ಲೈಡು ತೋರಿಸಿದರೆ ಸಾಲದೆ, ಬರೆದೇ ತೋರಿಸಬೇಕೆ ಎಂದು ಕೇಳುವವರಿದ್ದಾರೆ. ಸಾಲದು. ಸ್ಲೈಡಿನಲ್ಲಿ ಅಕ್ಷರ ಹುಟ್ಟಿದ್ದು ಕಾಣುವುದಿಲ್ಲ, ಹುಟ್ಟಿ ಆಗಿರುವ ಅಕ್ಷರ ಮಾತ್ರ ಕಾಣುತ್ತದೆ. ಕೈಬರಹದಲ್ಲಿ ಗೆರೆ ಎಲ್ಲಿ ಶುರುವಾಯಿತು, ಎತ್ತ ತಿರುಗಿತು, ತಲೆಕಟ್ಟು ಯಾವಾಗ ಬಂತು, ಒತ್ತು ಎಲ್ಲಿ ಕೂತಿತು ಎಂಬ ಕ್ರಮವನ್ನೆಲ್ಲ ಮಗು ನೋಡುತ್ತದೆ. ಲೆಕ್ಕದಲ್ಲೂ ಹಾಗೆಯೇ. ಭಾಗಾಕಾರ ಒಂದೊಂದೇ ಮೆಟ್ಟಿಲಿಳಿಯುವುದನ್ನು ಕಂಡಾಗ ಅರ್ಥವಾಗುವಷ್ಟು, ಪೂರ್ತಿ ಬಿಡಿಸಿಟ್ಟ ಲೆಕ್ಕ ನೋಡಿದಾಗ ಆಗುವುದಿಲ್ಲ. ಕಪ್ಪುಹಲಗೆ ನೂರಾರು ವರ್ಷ ಬಾಳಿರುವುದು ಈ ಗುಣದಿಂದ. ಟ್ಯಾಬ್ ಅದರ ಜಾಗಕ್ಕೆ ಬರುವುದಾದರೆ ಅದೇ ಗುಣವನ್ನು ತರಬೇಕು. ಆಗ ಪೆನ್ನು ಮುಖ್ಯವಾಗುತ್ತದೆ.

ಹೊಳೆನರಸೀಪುರದ ಕಡೆಯ ಒಂದು ಶಾಲೆಯಲ್ಲಿ ಆರನೆಯ ತರಗತಿಯ ಪಾಠ ನೋಡುತ್ತಿದ್ದೆ. ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಾಗಿ ಬಂದಿದ್ದ. ದನಿ ಚೆನ್ನ, ಪ್ರಶ್ನೆ ಕೇಳುವ ರೀತಿ ಚೆನ್ನ. ರಬ್ಬರು ತುದಿಯ ಪೆನ್ನಿನಿಂದ ಟ್ಯಾಬಿನ ಮೇಲೆ ಬರೆಯುತ್ತಿದ್ದ, ಅದು ಟಿ.ವಿ. ಪರದೆಯ ಮೇಲೆ ಮೂಡುತ್ತಿತ್ತು. ನನ್ನ ಪಕ್ಕದಲ್ಲಿದ್ದ ಹುಡುಗ ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳುತ್ತಿದ್ದ. ಬಗ್ಗಿ ನೋಡಿದೆ. ಶೀರ್ಷಿಕೆಯಲ್ಲಿ 'ಪಾಠ' ಇರಬೇಕಾದ ಕಡೆ 'ಪಾರ' ಇತ್ತು. ಕೆಳಗೆ 'ಧನ' ಇರಬೇಕಾದ ಕಡೆ 'ದನ'. ಪರದೆಯನ್ನು ನೋಡಿದರೆ ಅಲ್ಲಿಯೂ ಹಾಗೆಯೇ ಇತ್ತು. 'ಠ'ದ ಹೊಟ್ಟೆಯೊಳಗಿನ ಚುಕ್ಕಿ ಮೂಡಿರಲಿಲ್ಲ. 'ಧ'ದ ಬುಡದ ಸೀಳು ದಪ್ಪ ಗೆರೆಯೊಳಗೆ ಮುಚ್ಚಿಹೋಗಿತ್ತು. ಹುಡುಗ ಕಂಡದ್ದನ್ನು ಕಂಡ ಹಾಗೆ ಬರೆದಿದ್ದ. ಒಂದಕ್ಷರವೂ ಅವನ ತಪ್ಪಲ್ಲ.

ನಮ್ಮ ಸೀಮೆಯಲ್ಲಿ ದನವೇ ಧನ ಎಂದು ನಗೆಯಾಡಿ ದಾಟಿಬಿಡಬಹುದು. ಆದರೆ ಇನ್ನೊಂದು ಮಾತನ್ನು ಯೋಚಿಸಬೇಕು. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣ ಹೆಚ್ಚು ಕೇಳಿಸುವುದಿಲ್ಲ. ಮಗು ಮನೆಯಲ್ಲಿ ಕೇಳುವುದು 'ವಿದ್ಯಾರ್ತಿ', 'ಬೂಮಿ', 'ಪಾಟ'. ಮಹಾಪ್ರಾಣವೆಂಬುದೊಂದು ಇದೆ ಎಂದು ಅದಕ್ಕೆ ತಿಳಿಯುವುದು ಕಿವಿಯಿಂದಲ್ಲ, ಕಣ್ಣಿನಿಂದ. ಅದನ್ನು ಕಾಣಿಸುವುದು ಒಂದು ಚುಕ್ಕಿ, ಒಂದು ಸೀಳು. ಬರೆದು ತೋರಿಸುವ ಸಾಧನವೇ ಆ ಚುಕ್ಕಿ, ಸೀಳನ್ನು ನುಂಗಿದರೆ ಮಗುವಿಗೆ ಬೇರೆ ಆಧಾರವಿಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ಬರೆದು ಜಾಹೀರಾತಿನಲ್ಲಿ ಪೆನ್ನು ತೋರಿಸುತ್ತಾರೆ. ಅಲ್ಲಿ ಎಲ್ಲ ಪೆನ್ನೂ ಚೆನ್ನಾಗಿಯೇ ಕಾಣುತ್ತವೆ. ಕನ್ನಡ ಬರೆದಾಗ ಒಂದೊಂದರ ನಿಜ ಗೊತ್ತಾಗುತ್ತದೆ.

ಹೀಗೇಕೆ ಆಗುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಕೊಳ್ಳುವಾಗ ಅನುಕೂಲ. ಇಂದಿನ ಟ್ಯಾಬ್‌ಗಳ ಪರದೆ ಒತ್ತಡವನ್ನು ಗುರುತಿಸುವುದಿಲ್ಲ. ಗಾಜಿನಡಿ ಕಣ್ಣಿಗೆ ಕಾಣದ ವಿದ್ಯುತ್ ಜಾಲವೊಂದಿರುತ್ತದೆ. ಬೆರಳು ತಾಗಿದ ಕಡೆ ಅದರ ವಿದ್ಯುದಂಶದಲ್ಲಿ ವ್ಯತ್ಯಾಸವಾಗುತ್ತದೆ, ಆ ವ್ಯತ್ಯಾಸದಿಂದ ಜಾಗ ತಿಳಿಯುತ್ತದೆ. ಸಾಮಾನ್ಯ ಬಾಲ್ ಪೆನ್ನಿನ ಪ್ಲಾಸ್ಟಿಕ್ ತುದಿಯನ್ನು ಎಷ್ಟು ಒತ್ತಿದರೂ ಗೆರೆ ಮೂಡದಿರುವುದು ಇದಕ್ಕೇ. ಈ ಜಾಲವನ್ನು ಬೆರಳಿನ ಅಳತೆಗೆ ಹೊಂದಿಸಿರುವುದರಿಂದ, ಬೆರಳಿನಂತೆ ನಟಿಸುವ ಪೆನ್ನಿನ ತುದಿಯೂ ಬೆರಳಿನಂತೆ ಅಗಲವಾಗಿರಬೇಕಾಗುತ್ತದೆ. ರಬ್ಬರು ಅಥವಾ ಬಟ್ಟೆಯ ತುದಿಯ ಪೆನ್ನು ಈ ಜಾತಿಯದು. ಬೆಲೆ ನೂರು ಇನ್ನೂರು ರೂಪಾಯಿಯೊಳಗೆ, ಚಾರ್ಜು ಬೇಡ, ಯಾವ ಟ್ಯಾಬ್‌ಗಾದರೂ ಆಗುತ್ತದೆ. ಆದರೆ ತುದಿ ತಾನು ಬರೆಯುವ ಜಾಗವನ್ನು ತಾನೇ ಮರೆಮಾಡುತ್ತದೆ. ಸಣ್ಣ ಚುಕ್ಕಿ ಇಡಲು ಹೋದರೆ ಒಮ್ಮೊಮ್ಮೆ ಮೂಡುತ್ತದೆ, ಒಮ್ಮೊಮ್ಮೆ ಇಲ್ಲ.

ಅದರ ಸುಧಾರಿಸಿದ ರೂಪ ತಟ್ಟೆ ತುದಿಯ ಪೆನ್ನು. ಸಪೂರ ಮೊನೆಗೆ ಚಿಕ್ಕ ಪಾರದರ್ಶಕ ಬಿಲ್ಲೆಯೊಂದನ್ನು ಸಿಕ್ಕಿಸಿರುತ್ತಾರೆ. ಪರದೆಗೆ ಬೇಕಾದ ಅಗಲ ಬಿಲ್ಲೆಯಿಂದ ಸಿಗುತ್ತದೆ. ಬರೆಯುವವರ ಕಣ್ಣಿಗೆ ಮೊನೆ ಎಲ್ಲಿದೆಯೆಂದು ಬಿಲ್ಲೆಯ ಮೂಲಕ ಕಾಣುತ್ತದೆ. ಬೆಲೆಯೂ ಹೆಚ್ಚಲ್ಲ. ಬೇಗ ಬೇಗ ಬರೆದರೆ ಬಿಲ್ಲೆ ಒಂದಂಚಿಗೆ ಎದ್ದು ಗೆರೆ ತುಂಡಾಗುವುದುಂಟು. ನಿಧಾನವಾಗಿ ಬರೆಯುವ ಕನ್ನಡ ಮೇಷ್ಟರಿಗೆ ಇದು ಅಷ್ಟೇನೂ ತೊಂದರೆಯಲ್ಲ.

ಮೂರನೆಯದು ತಾನೇ ಸಂಕೇತ ಹೊರಡಿಸುವ ಪೆನ್ನು, ಆ್ಯಕ್ಟಿವ್ ಸ್ಟೈಲಸ್ ಎನ್ನುತ್ತಾರೆ. ಒಳಗೆ ಬ್ಯಾಟರಿ ಇರುತ್ತದೆ. ತುದಿ ಒಂದೆರಡು ಮಿಲಿಮೀಟರಿನಷ್ಟೇ. ಇದರಲ್ಲಿ ಎರಡು ಬಗೆಯಿದೆ ಎಂಬುದನ್ನು ಅಂಗಡಿಯಲ್ಲಿ ಬಿಡಿಸಿ ಹೇಳುವವರು ಕಡಿಮೆ. 'ಎಲ್ಲ ಟ್ಯಾಬ್‌ಗೂ ಆಗುತ್ತದೆ' ಎಂದು ಡಬ್ಬದ ಮೇಲೆ ಬರೆದಿರುವ, ಸಾವಿರ ರೂಪಾಯಿ ಆಸುಪಾಸಿನ ಪೆನ್ನು ಒಂದು. ಅದು ಸಪೂರ ತುದಿಯ ಬೆರಳು ಅಷ್ಟೆ. ಸೂಕ್ಷ್ಮವಾಗಿ ಬರೆಯುತ್ತದೆ, ಆದರೆ ಪೆನ್ನು ಯಾವುದು, ಅಂಗೈ ಯಾವುದು ಎಂದು ಟ್ಯಾಬ್‌ಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ.

ಇನ್ನೊಂದು ಟ್ಯಾಬಿನ ಕಂಪನಿಯೇ ತನ್ನ ಯಂತ್ರಕ್ಕೆಂದು ಮಾಡಿದ ಪೆನ್ನು. 2015ರಲ್ಲಿ ಬಂದ ಆಪಲ್ ಪೆನ್ಸಿಲ್ ಐಪ್ಯಾಡ್‌ಗಳಲ್ಲಿ ಮಾತ್ರ, ಅದೂ ಹೊಂದುವ ಮಾದರಿಗಳಲ್ಲಿ ಮಾತ್ರ ಬರೆಯುತ್ತದೆ. ಸ್ಯಾಮ್‌ಸಂಗ್ 2011ರಲ್ಲಿ ನೋಟ್ ಫೋನಿನೊಡನೆ ತಂದ ಎಸ್ ಪೆನ್ನಿಗೆ ಬರೆಯಲು ಬ್ಯಾಟರಿಯೇ ಬೇಡ. ಪರದೆಯ ಅಡಿಯ ಪದರವೇ ಅದಕ್ಕೆ ಶಕ್ತಿ ಕೊಡುತ್ತದೆ. ಅಂಥ ಪದರವಿಲ್ಲದ ಟ್ಯಾಬಿನ ಮೇಲೆ ಅದು ಬರೀ ಕಡ್ಡಿ. ಬೇರೆ ಬೇರೆ ಕಂಪನಿಗಳ ಯಂತ್ರಕ್ಕೆ ಒಂದೇ ಪೆನ್ನು ಆಗಲೆಂದು 2015ರಲ್ಲಿ ಯು.ಎಸ್.ಐ. ಎಂಬ ಒಕ್ಕೂಟ ಹುಟ್ಟಿ ಒಂದು ಮಾನಕ ಮಾಡಿತು. ಅದೂ ಆ ಮಾನಕವನ್ನು ಒಪ್ಪಿದ ಟ್ಯಾಬ್‌ಗಳಿಗೆ ಮಾತ್ರ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಪೆನ್ನು ಒಳ್ಳೆಯದು" ಎಂಬುದಲ್ಲ, "ನನ್ನ ಟ್ಯಾಬ್ ಯಾವ ಪೆನ್ನನ್ನು ಗುರುತಿಸುತ್ತದೆ" ಎಂಬುದು. ಕಡಿಮೆ ಬೆಲೆಯ ಟ್ಯಾಬ್‌ಗಳಲ್ಲಿ ಹೆಚ್ಚಿನವು ಬೆರಳನ್ನು ಬಿಟ್ಟು ಬೇರೇನನ್ನೂ ಗುರುತಿಸುವುದಿಲ್ಲ. ಅವುಗಳಿಗೆ ಎಂಟು ಸಾವಿರದ ಪೆನ್ನು ತಂದರೂ ಅಷ್ಟೆ.

ಅಂಗೈಯ ಮಾತು ಕನ್ನಡಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. ಕನ್ನಡ ಬರೆಯುವ ಕೈ ಒಂದೇ ಗೆರೆಯಲ್ಲಿ ಮುಂದೆ ಓಡುವುದಿಲ್ಲ. ಮೂಲಾಕ್ಷರ ಬರೆದು, ಮೇಲೆ ಗುಣಿತದ ಗುರುತು ಹಾಕಿ, ಕೆಳಗಿಳಿದು ಒತ್ತು ಬರೆದು, ಮತ್ತೆ ಮೇಲೆ ಬರುತ್ತದೆ. ಅಂಗೈ ಪರದೆಯ ಮೇಲೆ ಊರಿಯೇ ಇರುತ್ತದೆ. ಅಂಗೈಯನ್ನು ಬೇರೆಯಾಗಿ ಗುರುತಿಸದ ಟ್ಯಾಬ್‌ನಲ್ಲಿ ಅದು ತಾಗಿದ ಕಡೆಯೆಲ್ಲ ಕಲೆ ಬೀಳುತ್ತದೆ. ಆ ಕಲೆ ಬೀಳುವುದು ಸಾಲಿನ ಕೆಳಗೆ, ಒತ್ತಕ್ಷರ ಇರಬೇಕಾದ ಜಾಗದಲ್ಲೇ. ದೂರದಲ್ಲಿ ಕೂತ ಮಗುವಿಗೆ ಯಾವುದು ಒತ್ತು, ಯಾವುದು ಕಲೆ ತಿಳಿಯುವುದು ಹೇಗೆ? ಕೆಲವರು ಕೈಯನ್ನು ಗಾಳಿಯಲ್ಲಿ ಹಿಡಿದು ಬರೆಯುತ್ತಾರೆ. ನಲವತ್ತು ನಿಮಿಷದ ಪಾಠದಲ್ಲಿ ಹತ್ತು ನಿಮಿಷಕ್ಕೇ ಕೈ ಸೋತು ಅಕ್ಷರ ಸೊಟ್ಟಗಾಗುತ್ತದೆ. ಕಿರುಬೆರಳು, ಉಂಗುರದ ಬೆರಳುಗಳನ್ನಷ್ಟೇ ಮುಚ್ಚುವ ತೆಳುವಾದ ಕೈಗವಸು ಸಿಗುತ್ತದೆ, ಅದು ಒಂದು ಮಟ್ಟಕ್ಕೆ ಸಹಾಯ ಮಾಡುತ್ತದೆ. ಬರೆಯುವ ಆ್ಯಪ್‌ನಲ್ಲಿ ಪುಟವನ್ನು ಹಿಗ್ಗಿಸಿಕೊಂಡು ದೊಡ್ಡದಾಗಿ ಬರೆಯುವುದು ಅದಕ್ಕಿಂತ ಒಳ್ಳೆಯ ಉಪಾಯ. ದಪ್ಪ ತುದಿಯ ಪೆನ್ನಿನ ದೋಷವೂ ಇದರಿಂದ ಅರ್ಧ ಕಡಿಮೆಯಾಗುತ್ತದೆ. ಹಿಗ್ಗಿಸಿ ಬರೆದ 'ಧ'ದ ಸೀಳು ಉಳಿದುಕೊಳ್ಳುತ್ತದೆ.

ಇಷ್ಟನ್ನೆಲ್ಲ ಅಂಗಡಿಯಲ್ಲಿ ನಿಂತು ಪರೀಕ್ಷಿಸುವುದು ಹೇಗೆ? ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವ ದಾರಿ ಸುಲಭದ್ದು. ನಿಮ್ಮ ಟ್ಯಾಬನ್ನೇ ತೆಗೆದುಕೊಂಡು ಹೋಗಿ. ಅಂಗಡಿಯವನ ಫೋನಿನ ಮೇಲೆ ಬರೆದು ನೋಡಬೇಡಿ. ನಮ್ಮ ನಾಲ್ಕು ಊರುಗಳ ಹೆಸರು ಬರೆಯಿರಿ. 'ಹಾಸನ'ದಲ್ಲಿ ಒತ್ತಿಲ್ಲ, ಅದನ್ನು ಯಾವ ಪೆನ್ನಾದರೂ ಬರೆಯುತ್ತದೆ. 'ಅರಕಲಗೂಡು' ಬರೆದರೆ ಕೊಂಬು ಮತ್ತು ಕೊಂಬಿನ ದೀರ್ಘ ಬೇರೆಬೇರೆಯಾಗಿ ಕಾಣುತ್ತವೆಯೇ ತಿಳಿಯುತ್ತದೆ. 'ಹೊಳೆನರಸೀಪುರ' ಉದ್ದದ ಹೆಸರು, ಸಾಲಿನ ಕೊನೆಯವರೆಗೆ ಅಂಗೈ ಏನು ಮಾಡುತ್ತದೆಂದು ಅದು ತೋರಿಸುತ್ತದೆ. 'ಚನ್ನರಾಯಪಟ್ಟಣ'ದಲ್ಲಿ ಎರಡು ಒತ್ತಕ್ಷರಗಳಿವೆ. ಅವು ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳದೆ, ದೂರವೂ ಸರಿಯದೆ ಕೂತರೆ ಪೆನ್ನು ಅರ್ಧ ಪಾಸು. ಆಮೇಲೆ 'ಪಾಠ', 'ಧನ', 'ಭೂಮಿ', 'ವಿದ್ಯಾರ್ಥಿ'. 'ವಿದ್ಯಾರ್ಥಿ'ಯ 'ಥ'ಕ್ಕೆ ಒಳಗೆ ಚುಕ್ಕಿಯೂ ಬುಡದಲ್ಲಿ ಸೀಳೂ ಬೇಕು, ಪಕ್ಕದಲ್ಲಿ ಅರ್ಕಾವತ್ತೂ ಬೇಕು. ಇದೊಂದು ಪದ ಸರಿಯಾಗಿ ಬಂದರೆ ಉಳಿದದ್ದು ಬಂದೇ ಬರುತ್ತದೆ. ಕೊನೆಗೆ ಜೊತೆಗೆ ಬಂದ ಗೆಳೆಯನಿಗೆ ಟ್ಯಾಬ್ ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ಹಿಡಿಯಲು ಹೇಳಿ, ನೀವು ಓದಿ. ಬರೆದವರಿಗೆ ತಾವು ಬರೆದದ್ದು ಯಾವಾಗಲೂ ಓದಲು ಬರುತ್ತದೆ. ಆದ್ದರಿಂದ ಗೆಳೆಯನಿಂದ ಬರೆಸಿ ನೀವು ಓದುವುದು ಇನ್ನೂ ಉತ್ತಮ.

ಇನ್ನು ದುಡ್ಡಿನ ಮಾತು. ಇದನ್ನು ಬರೆಯಬೇಕೆನಿಸಿದ್ದು ಮುಖ್ಯವಾಗಿ ಇದಕ್ಕೇ. ಅರಕಲಗೂಡು ಕಡೆಯ ಹಳ್ಳಿಯಿಂದ ಬರುವ ಪ್ರಶಿಕ್ಷಣಾರ್ಥಿಯೊಬ್ಬಳು ಒಂದು ಸಂಜೆ ಬಂದು ನಿಂತಳು. "ಮೇಡಂ, ಆರೂವರೆ ಸಾವಿರದ್ದು ಒಂದು ಪೆನ್ ನೋಡಿದ್ದೀನಿ. ಸಂಘದಲ್ಲಿ ಅಮ್ಮನ ಹೆಸರಲ್ಲಿ ಸಾಲ ಸಿಗುತ್ತೆ. ತಗೊಂಡುಬಿಡ್ಲಾ?"

"ಯಾರು ಹೇಳಿದ್ರಮ್ಮ ತಗೋ ಅಂತ?"

"ಯಾರೂ ಹೇಳಿಲ್ಲ ಮೇಡಂ. ಟೆಕ್ನಾಲಜಿ ಬಳಸಿದ್ರೆ ಮಾರ್ಕ್ಸ್ ಜಾಸ್ತಿ ಅಂತಾರೆ."

"ನಿನ್ನ ಟ್ಯಾಬ್ ತಂದಿದ್ದೀಯಾ? ಕೊಡು ನೋಡೋಣ."

ಅವಳದು ಕಾಲೇಜಿನಲ್ಲಿ ಸಿಕ್ಕಿದ್ದ ಸಾಧಾರಣ ಟ್ಯಾಬ್. ಆ ಪೆನ್ನನ್ನು ಗುರುತಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಸಾಲ ಮಾಡಿ ತಂದಿದ್ದರೆ ಒಂದು ಗೆರೆಯೂ ಮೂಡುತ್ತಿರಲಿಲ್ಲ. ಅವಳಮ್ಮ ಶುಂಠಿ ಹೊಲದಲ್ಲಿ ಕೂಲಿಗೆ ಹೋಗುವವರು. ಎಷ್ಟು ದಿನದ ಕೂಲಿ ಸೇರಿದರೆ ಆರೂವರೆ ಸಾವಿರವಾಗುತ್ತದೆ ಎಂದು ಅವಳೇ ಲೆಕ್ಕ ಹಾಕಿಕೊಂಡಿದ್ದಳು. ಆ ಲೆಕ್ಕವನ್ನು ನನಗೂ ಹೇಳಿದಳು. ಕೊನೆಗೆ ತಟ್ಟೆ ತುದಿಯ ಪೆನ್ನೊಂದನ್ನು ಕೊಂಡಳು. ಹಿಗ್ಗಿಸಿ ಬರೆಯುವುದನ್ನು ವಾರವಿಡೀ ಅಭ್ಯಾಸ ಮಾಡಿದಳು. ಅವಳ ಪಾಠ ನೋಡಲು ಹೋದಾಗ ಟ್ಯಾಬ್ ಬಳಸಿದ್ದು ಎಂಟು ನಿಮಿಷ ಮಾತ್ರ, ಒತ್ತಕ್ಷರ ಬರೆಯುವ ಕ್ರಮ ತೋರಿಸಲು. ಉಳಿದದ್ದೆಲ್ಲ ಕಪ್ಪುಹಲಗೆಯ ಮೇಲೆ. ಆಮೇಲೆ ಆ ಎಂಟು ನಿಮಿಷವನ್ನು ಪರದೆ ರೆಕಾರ್ಡು ಮಾಡಿ ಇಟ್ಟುಕೊಂಡು, ಹಿಂದಿನ ದಿನ ಬಾರದಿದ್ದ ಮೂವರು ಮಕ್ಕಳಿಗೆ ಮಧ್ಯಾಹ್ನದ ಊಟವಾದ ಮೇಲೆ ತೋರಿಸಿದಳು. ಅವಳಿಗೆ ಒಳ್ಳೆಯ ಅಂಕ ಬಂತು, ಪೆನ್ನಿಗಲ್ಲ.

ಮೇಲ್ವಿಚಾರಕರಾದ ನಾವು ಇದನ್ನು ಗಟ್ಟಿಯಾಗಿ ಹೇಳಬೇಕು. ಅವಲೋಕನ ಪತ್ರಿಕೆಯಲ್ಲಿ 'ತಂತ್ರಜ್ಞಾನದ ಬಳಕೆ' ಎಂಬ ಸಾಲು ಇದ್ದರೆ, ಪ್ರಶಿಕ್ಷಣಾರ್ಥಿ ಅದನ್ನು 'ತಂತ್ರಜ್ಞಾನದ ಬೆಲೆ' ಎಂದು ಓದಿಕೊಳ್ಳುತ್ತಾನೆ. ನಾವು ಬಾಯಿ ಬಿಟ್ಟು ಹೇಳದಿದ್ದರೆ ಯಾವುದೋ ಮನೆಯಲ್ಲಿ ಸಾಲವಾಗುತ್ತದೆ.

ಕೊಂಡ ಮೇಲಿನ ಸಣ್ಣ ಸಂಗತಿಗಳೂ ಇವೆ. ತುದಿ ಸವೆಯುತ್ತದೆ. ಬದಲಿ ತುದಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಒಂದೆರಡನ್ನು ಹೆಚ್ಚಿಗೆ ತೆಗೆದಿಟ್ಟುಕೊಳ್ಳಬೇಕು. ಸೀಮೆಸುಣ್ಣ ಹಿಡಿದ ಕೈಯಲ್ಲೇ ಪೆನ್ನು ಹಿಡಿಯುವುದರಿಂದ ತುದಿಗೆ ಪುಡಿ ಅಂಟುತ್ತದೆ, ಬಟ್ಟೆಯಿಂದ ಒರೆಸಿ ಬರೆಯಬೇಕು. ಪರದೆಗೆ ಅಂಟಿಸಿದ ರಕ್ಷಣಾ ಗಾಜು ದಪ್ಪವಾಗಿದ್ದರೆ ಕೆಲವು ಪೆನ್ನುಗಳು ತಡವರಿಸುತ್ತವೆ, ಆದ್ದರಿಂದ ಆ ಗಾಜು ಇರುವ ಹಾಗೆಯೇ ಪರೀಕ್ಷಿಸಬೇಕು. ಬರೀ ಗಾಜಿನ ಮೇಲೆ ಪೆನ್ನು ಜಾರುತ್ತದೆ, ದುಂಡಗೆ ಬರೆಯುವವರ ಅಕ್ಷರವೂ ಕೆಡುತ್ತದೆ. ಒರಟು ಮೈಯ ತೆಳು ಹಾಳೆ ಅಂಟಿಸಿದರೆ ಕಾಗದದ ಹಿಡಿತ ಬರುತ್ತದೆ, ಆದರೆ ತುದಿ ಬೇಗ ಸವೆಯುತ್ತದೆ. ಬ್ಯಾಟರಿಯ ಪೆನ್ನಾದರೆ ಬೆಳಿಗ್ಗೆ ಬಸ್ಸು ಹತ್ತುವ ಮುನ್ನವೇ ಚಾರ್ಜು ನೋಡಿಕೊಳ್ಳಬೇಕು. ಕರೆಂಟು ಹೋದರೆ ಪಾಠ ನಿಲ್ಲಬಾರದು. ಜೇಬಿನಲ್ಲಿ ಸೀಮೆಸುಣ್ಣ ಯಾವಾಗಲೂ ಇರಲಿ.

ಬರೆಯುವ ಸಾಧನ ಅಕ್ಷರವನ್ನು ತಿದ್ದುವುದು ನಮಗೆ ಹೊಸದೂ ಅಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಂಡೆಯ ಮೇಲೆ ಉಳಿಯಿಂದ ಕೊರೆದ ನೂರಾರು ಶಾಸನಗಳಿವೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದೇ ನಮ್ಮ ಅಕ್ಷರ ದುಂಡಗಾಯಿತು ಎಂದು ಹೇಳುವುದುಂಟು. ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲನ್ನು ನಾವು ಬಳಪದ ಕಲ್ಲು ಎನ್ನುತ್ತೇವೆ. ಸ್ಲೇಟಿನ ಮೇಲೆ ಬರೆಯುವ ಬಳಪದ ಹೆಸರು ಅದೇ. ಅಕ್ಷರಾಭ್ಯಾಸದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಬರೆದ ಬೆರಳೇ ಎಲ್ಲರ ಮೊದಲ ಲೇಖನಿ. ಉಳಿ ಹೋಗಿ ಕಂಟ, ಕಂಟ ಹೋಗಿ ಬಳಪ, ಸೀಮೆಸುಣ್ಣ ಬಂದವು. ಒಂದೊಂದು ಸಲವೂ ಬರೆಯುವವರು ಹೊಸ ಸಾಧನಕ್ಕೆ ಕೈ ಪಳಗಿಸಿಕೊಂಡರು, ಆದರೆ 'ದ' ಮತ್ತು 'ಧ'ದ ಭೇದವನ್ನು ಬಿಟ್ಟುಕೊಡಲಿಲ್ಲ. ಗಾಜಿನ ಮೇಲೆ ಬರೆಯುವ ನಮ್ಮಿಂದಲೂ ಅಷ್ಟನ್ನು ನಿರೀಕ್ಷಿಸಬಹುದು.

ನನ್ನ ಸಲಹೆ ಇಷ್ಟು. ಪೆನ್ನು ಜೊತೆಗೇ ಬಂದ ಟ್ಯಾಬ್ ಇದ್ದರೆ ಅದನ್ನೇ ಬಳಸಿ, ಬೇರೆಯದನ್ನು ಹುಡುಕಬೇಡಿ. ಸಾಧಾರಣ ಟ್ಯಾಬ್ ಇದ್ದು ವಾರಕ್ಕೊಂದೆರಡು ಬಾರಿ ಬರೆಯುವವರಿಗೆ ತಟ್ಟೆ ತುದಿಯದು ಸಾಕು. ದಿನವೂ ಪಾಠ ರೆಕಾರ್ಡು ಮಾಡುವವರು, ರೇಖಾಗಣಿತ ಅಥವಾ ವಿಜ್ಞಾನದ ಚಿತ್ರ ಬಿಡಿಸುವವರು ಬ್ಯಾಟರಿಯ ಪೆನ್ನನ್ನು ತಮ್ಮ ಟ್ಯಾಬಿನ ಮೇಲೆ ಬರೆದು ನೋಡಿ ಕೊಳ್ಳಬಹುದು. ಒಂದೇ ಶಾಲೆಗೆ ಹೋಗುವ ನಾಲ್ವರು ಸೇರಿ ಒಂದು ಟ್ಯಾಬ್, ಒಂದು ಪೆನ್ನು ಹಂಚಿಕೊಂಡರೂ ನಡೆಯುತ್ತದೆ. ನಾಲ್ವರ ಪಾಠ ಒಂದೇ ಪೀರಿಯಡ್ಡಿನಲ್ಲಿ ಬೀಳುವುದಿಲ್ಲವಲ್ಲ.

ಸಹೋದ್ಯೋಗಿಗಳಲ್ಲೂ ಒಂದು ಕೋರಿಕೆ. ಸಹಪಾಠಿ ಅವಲೋಕನದ ಪುಸ್ತಕದಲ್ಲಿ ಈ ವರ್ಷದಿಂದ ಒಂದು ಸಾಲು ಹೆಚ್ಚಿಗೆ ಸೇರಿಸೋಣ: 'ಹಿಂದಿನ ಬೆಂಚಿನ ಮಗುವಿನ ನೋಟ್‌ಬುಕ್ಕಿನಲ್ಲಿ ಒತ್ತಕ್ಷರ, ಮಹಾಪ್ರಾಣ ಸರಿಯಾಗಿ ಇಳಿದಿವೆಯೇ?' ಪಾಠ ನೋಡುವ ಗೆಳೆಯ ಗೆಳತಿಯರು ಎದ್ದು ಹೋಗಿ, ಆ ಮಗುವಿನ ಪಕ್ಕ ಕೂತು, ನೋಡಿ ತುಂಬಲಿ. ಹಲಗೆಯ ಮೇಲೆ ಬರೆದ ಪಾಠಕ್ಕೂ, ಗಾಜಿನ ಮೇಲೆ ಬರೆದ ಪಾಠಕ್ಕೂ ಆ ಸಾಲು ಒಂದೇ ಇರಲಿ.